ಹರಾಜು

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ 1948ರವರೆಗೆ ನಿಜಾಮರ ಆಳ್ವಿಕೆ. ಕಚೇರಿಯ ಭಾಷೆ ಉರ್ದು. ‘ಹರಾಜು’ ಅರಬ್ಬಿ ಮೂಲದ, ಉರ್ದುವಿನಲ್ಲಿ ‘ಹರ್ರಾಜ್’ ಆದ ಪದ. ಹಾಗೆಂದು ಅದು ಆ ಸೀಮೆಯ ಸೊತ್ತೇನಲ್ಲ, ಮೈಸೂರಿನವರೂ ಇದನ್ನೇ ಆಡುತ್ತಾರೆ. ಮರಾಠಿ ಗಡಿಯ ‘ಲಿಲಾವು’ ಮಾತ್ರ ಪೋರ್ಚುಗೀಸರಿಂದ ಬಂದದ್ದು.

ಮಾನ ಹರಾಜಾಗುವುದು ನಮಗೆ ಹಳೆಯ ಮಾತು. ಈಗ ಹೆಸರೇ ಹರಾಜಾಗುತ್ತದೆ, ಅದೂ ಕೂಗುವವನಿಲ್ಲದೆ! ಡಾಟ್ ಕಾಮ್ ಹೆಸರಿನ ಅವಧಿ ಮುಗಿದು ನವೀಕರಿಸದಿದ್ದರೆ ನೋಂದಣಿ ಕಂಪನಿ ಅದನ್ನು ಹರಾಜಿಗಿಡಬಹುದು. ಯಾರೂ ಕೊಳ್ಳದೆ ಅಳಿಸಿಹಾಕಿದರೆ, ಹೆಚ್ಚುವರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು ಹಳೆಯ ಒಡೆಯನಿಗೆ 30 ದಿನ ಸಮಯವುಂಟು, ಅಡವಿಟ್ಟ ಒಡವೆಯಂತೆ. ಮತ್ತೆ 5 ದಿನ ಕಳೆದರೆ ಮೊದಲು ಕೇಳಿದವರಿಗೆ ಹೆಸರು. ನಿಮ್ಮ ಅಂಗಡಿಗೂ ಜಾಲತಾಣವಿದ್ದರೆ ಗಡುವಿನ ತಾರೀಖು ಇವತ್ತೇ ನೋಡಿಕೊಳ್ಳಿ.