ಹೆಸರಿಡುವ ಅತ್ತೆ: ನೆಂಟಸ್ತನವೋ, ಒಡಹುಟ್ಟೋ?

ಇಂಗ್ಲಿಷಿನ ‘ಆಂಟಿ’ಗೆ ಕನ್ನಡದಲ್ಲಿ ಸಮನಾದ ಒಂದೇ ಪದವಿಲ್ಲ. ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ಉತ್ತರ ಕರ್ನಾಟಕದಲ್ಲಿ ದೊಡ್ಡವ್ವ, ಚಿಗವ್ವ. ತಂದೆಯ ಅಕ್ಕತಂಗಿಯರಾದರೆ ಅತ್ತೆ. ಹೆಣ್ಣಿಗೆ ಅಕ್ಕನ ಮಗ ಮಗನೇ. ಅಣ್ಣನ ಮಗ ಅಳಿಯ. ಬಂಧುತ್ವವನ್ನು ಅಧ್ಯಯನ ಮಾಡಿದವರಲ್ಲಿ ಇರಾವತಿ ಕರ್ವೆ (1953) ಅವರಿಂದ ಥಾಮಸ್ ಟ್ರೌಟ್‌ಮನ್ (1981) ಅವರವರೆಗೆ ಈ ವಿಂಗಡಣೆಯ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಅತ್ತೆಯ ಅಕ್ಕರೆಯ ಮೂಲ ಯಾವುದು ಎಂಬಲ್ಲಿ.

ದಕ್ಷಿಣ ಆಫ್ರಿಕಾದ ಉದಾಹರಣೆಗಳನ್ನಿಟ್ಟುಕೊಂಡು ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1924ರಲ್ಲಿ ತಂದೆಯ ಸಹೋದರಿಯನ್ನು ಹೆಣ್ಣುರೂಪದ ತಂದೆಯಂತೆ ಕಂಡರು. ಲೂಯಿ ಡ್ಯೂಮಾಂಟ್ 1953ರಲ್ಲಿ ಬೇರೆಯೇ ದಾರಿ ಹಿಡಿದರು. ಅವರ ಪ್ರಕಾರ ದ್ರಾವಿಡ ಬಂಧುವಾಚಕಗಳು ಮದುವೆಯ ವ್ಯವಸ್ಥೆಯನ್ನೇ ಹೇಳುತ್ತವೆ. ಸೋದರಮಾವ ಮೊದಲು ನೆಂಟ, ಆಮೇಲೆ ರಕ್ತಸಂಬಂಧಿ. ಈ ತರ್ಕವನ್ನು ಮುಂದುವರಿಸಿದರೆ ಅತ್ತೆ ತೊಟ್ಟಿಲ ಮಗುವಿಗೂ ಗಂಡನ ತಾಯಿಯಾಗಬಹುದಾದವಳು. ಇದಕ್ಕೆ ಆಧಾರವಿಲ್ಲದಿಲ್ಲ. “ನಮ್ಮನೆ ಸೊಸೆ ಆಗ್ತೀಯೇನೆ?” ಎಂದು ಅಣ್ಣನ ಮಗಳನ್ನು ಅತ್ತೆ ಕೆಣಕುವುದು, ಹುಡುಗಿ ಬೆಳೆದಂತೆ ಆ ಮಾತಿಗೆ ನಾಚುವುದು ಎಷ್ಟೋ ಮನೆಗಳ ದಿನನಿತ್ಯದ ಚಿತ್ರ. ಚಿಕ್ಕಮ್ಮನ ಬಾಯಲ್ಲಿ ಈ ಮಾತು ಬರಲಾರದು.

ಆದರೆ ನಾಮಕರಣ ಬೇರೆ ಕಥೆ ಹೇಳುತ್ತದೆ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಉಸುರುವವಳು ಸೋದರತ್ತೆ; ಉಳಿದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುವುದೂ ಉಂಟು. ಯಾವ ಅತ್ತೆ ಎನ್ನುವುದೇ ಇಲ್ಲಿ ಪ್ರಶ್ನೆ. ಸೋದರಮಾವನ ಹೆಂಡತಿಯೂ ಅತ್ತೆಯೇ. ‘ಸೋದರತ್ತೆ’ ಎಂಬ ಪದವೂ ಆಕೆಗೆ ಬಳಕೆಯಲ್ಲಿದೆ. ಮುಂದೆ ಗಂಡನ ತಾಯಿಯಾಗುವ ಸಾಧ್ಯತೆಯಲ್ಲಿ ಇಬ್ಬರೂ ಸಮ. ಆದರೂ ಹೆಸರಿಡಲು ಸಾಮಾನ್ಯವಾಗಿ ಕರೆಯುವುದು ತಂದೆಯ ಒಡಹುಟ್ಟಿದವಳನ್ನು. ಪದ ಇಬ್ಬರನ್ನೂ ಒಂದೇ ಮಣೆಯ ಮೇಲೆ ಕೂರಿಸುತ್ತದೆ, ಆಚರಣೆ ಒಬ್ಬಳನ್ನೇ ಎಬ್ಬಿಸಿ ತೊಟ್ಟಿಲ ಬಳಿ ಕರೆತರುತ್ತದೆ. ಹಾಗಾದರೆ ಕನಿಷ್ಠ ಈ ಸಂದರ್ಭದಲ್ಲಿ ಅತ್ತೆಯ ಅಧಿಕಾರ ಬಂದಿರುವುದು ನೆಂಟಸ್ತನದಿಂದಲ್ಲ, ಮನೆಮಗಳು ಎಂಬುದರಿಂದ.

‘ಕನಿಷ್ಠ ಈ ಸಂದರ್ಭದಲ್ಲಿ’ ಎಂಬ ಎಚ್ಚರಿಕೆ ಸುಮ್ಮನೆ ಸೇರಿದ್ದಲ್ಲ. ಈ ಪದ್ಧತಿ ನಾಡಿನಾದ್ಯಂತ ಒಂದೇ ತೆರನಾಗಿಲ್ಲ. ಮಗುವಿನ ಕಿವಿ ಚುಚ್ಚುವಾಗ ಎಷ್ಟೋ ಕಡೆ ಸೋದರಮಾವನ ತೊಡೆಯೇ ಬೇಕು. ಡ್ಯೂಮಾಂಟ್ ಪಕ್ಷದವರು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಮೇಲಾಗಿ, ಹೆಸರಿಡುವ ಹಕ್ಕಿನಿಂದ ಅಕ್ಕರೆಯನ್ನು ಅಳೆಯುವುದು ಅಪಾಯದ ಕೆಲಸ. ಮದುವೆಯ ಅಂಕಿಗಳಿಂದ ಅಳೆಯುವುದೂ ಅಷ್ಟೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧಿಗಳನ್ನು ಮದುವೆಯಾದ ಮಹಿಳೆಯರು ಸುಮಾರು ಶೇ. 27. ಉಳಿದವರ ಮನೆಗಳಲ್ಲೂ ಅತ್ತೆ ಅತ್ತೆಯಾಗಿಯೇ ಉಳಿದಿದ್ದಾಳೆ. ಇದು ಪ್ರಸ್ತುತ ವಾದಕ್ಕೆ ಒತ್ತಾಸೆ, ಪುರಾವೆಯಲ್ಲ: ಅಂಕಿ ಲೆಕ್ಕ ಹಾಕಿರುವುದು ಮದುವೆಗಳನ್ನು, ರಜೆಗೆ ಬಂದ ಅಳಿಯನಿಗೆ ಅತ್ತೆ ಕಟ್ಟಿಕೊಟ್ಟ ಉಂಡೆಗಳನ್ನಲ್ಲ.

ಇನ್ನೊಂದು ತೊಡಕು ಉಳಿದೇ ಇದೆ. ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಹಳೆಯದು. ಅಂಥ ದಂಪತಿಯ ಮಗುವಿಗೆ ತಂದೆಯ ಅಕ್ಕನೇ ತಾಯಿಯ ತಾಯಿ; ಅತ್ತೆಯೂ ಅವಳೇ, ಅಜ್ಜಿಯೂ ಅವಳೇ. ಕರೆಯುವಾಗ ಅಜ್ಜಿ ಎಂಬ ಮಾತೇ ಗೆಲ್ಲುವುದು ಸಹಜ. ತೊಟ್ಟಿಲ ಬಳಿ ಆಕೆ ಬಾಗುವುದು ಯಾವ ಹಕ್ಕಿನಿಂದ, ಅಥವಾ ಆ ಹೊತ್ತಿಗೆ ಮನೆಯವರು ತಂದೆಯ ಇನ್ನೊಬ್ಬ ತಂಗಿಯನ್ನು ಹುಡುಕುತ್ತಾರೆಯೇ ಎಂಬುದನ್ನು ಊರೂರಿನ ನಾಮಕರಣಗಳಲ್ಲಿ ಕೂತು ದಾಖಲಿಸಬೇಕಿದೆ.