ಗಚ್ಚಿನ ಗೋಡೆಗಳು: ಮದೀನಾದಿಂದ ಬಿಜಾಪುರದವರೆಗೆ

ಕೆಲವು ತಿಂಗಳುಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಗರದಲ್ಲಿ ಹೊಸ ಮನೆಯನ್ನು ಕಟ್ಟಿಸಿ, ಪ್ರವೇಶದ ದಿನ ದುಆ ಮಾಡಲು ನಮ್ಮನ್ನು ಕರೆದಿದ್ದನು. ದುಆ ಮುಗಿದ ಬಳಿಕ ಅವನು ಮನೆಯನ್ನೆಲ್ಲ ತೋರಿಸಿದನು. ನೆಲದಿಂದ ಗೋಡೆಯವರೆಗೆ, ಸ್ನಾನಗೃಹದ ಒಳಗೂ ಎಲ್ಲಿಯೂ ಒಂದು ಸಂದು ಕಾಣಲಿಲ್ಲ. ಇದಕ್ಕೆ ಮೈಕ್ರೋಸಿಮೆಂಟ್ ಎನ್ನುತ್ತಾರೆಂದೂ, ಸಿಮೆಂಟು, ಪಾಲಿಮರ್ ಮತ್ತು ಬಣ್ಣ ಬೆರೆಸಿದ ಮಿಶ್ರಣವನ್ನು ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಕರಣೆಯಿಂದ ಕೈಯಲ್ಲೇ ಬಳಿದು, ನೀರು ಇಳಿಯದಂತೆ ಮೇಲೊಂದು ಲೇಪ ಕೊಡುತ್ತಾರೆಂದೂ ಅವನು ವಿವರಿಸಿದನು. “ಉಸ್ತಾದರೇ, ಇದು ವಿದೇಶದ ಹೊಸ ವಿದ್ಯೆ” ಎಂದು ಹೆಮ್ಮೆಯಿಂದ ಹೇಳಿದನು.

ನಾವು ಗೋಡೆಯನ್ನು ಮುಟ್ಟಿ ನೋಡಿದೆವು. ನಮಗೆ ನೆನಪಾದುದು ನಮ್ಮ ಅಜ್ಜಿಯ ಮನೆಯ ಕೆಂಪು ಗಾರೆಯ ನೆಲ. ಅದರಲ್ಲಿಯೂ ಸಂದುಗಳಿರಲಿಲ್ಲ. ಬೇಸಿಗೆಯಲ್ಲಿ ಚಾಪೆಯಿಲ್ಲದೆ ಅದರ ಮೇಲೆ ಮಲಗಿದರೆ ಮೈಗೆ ತಂಪು ಹತ್ತುತ್ತಿತ್ತು. ಹೊಸತೆಂದು ನಾವು ಹಣ ಕೊಟ್ಟು ತರಿಸಿಕೊಳ್ಳುವ ಎಷ್ಟೋ ಸಂಗತಿಗಳು ನಮ್ಮ ಹಿರಿಯರ ಕೈಯಲ್ಲಿ ಶತಮಾನಗಳ ಕಾಲ ಬಾಳಿದವುಗಳೇ ಆಗಿವೆ. ಸಂದಿಲ್ಲದ ಗೋಡೆಯ ವಿದ್ಯೆಯೂ ಅಂಥದ್ದೇ. ಇಸ್ಲಾಮೀ ನಾಗರಿಕತೆಯಲ್ಲಿ ಅದಕ್ಕೊಂದು ದೀರ್ಘ ಚರಿತ್ರೆಯಿದೆ. ಆ ಚರಿತ್ರೆಯೊಳಗೆ ನಮಗೊಂದು ಎಚ್ಚರಿಕೆಯೂ ಇದೆ.

ಕಲ್ಲು ಮರಳಿ ಕಲ್ಲಾಗುವ ಬಗೆ

ಮೊದಲು ಸುಣ್ಣದ ಗುಣವನ್ನು ಅರಿಯೋಣ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಸುರಿದರೆ ಕುದಿದು, ಉಬ್ಬಿ, ಬೆಣ್ಣೆಯಂತೆ ಮೆತ್ತಗಾಗುತ್ತದೆ. ಈ ಅರಳಿದ ಸುಣ್ಣವನ್ನು ಮರಳಿನೊಡನೆ ಅರೆದು ಗೋಡೆಗೆ ಬಳಿದಾಗ, ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಈ ಕ್ರಿಯೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಹಾಗೆ ಕಲ್ಲಾದ ಮೇಲೂ ಅದರಲ್ಲಿ ಸೂಕ್ಷ್ಮ ರಂಧ್ರಗಳು ಉಳಿದಿರುತ್ತವೆ. ಗೋಡೆಯೊಳಗಿನ ತೇವ ಅವುಗಳ ಮೂಲಕ ಹೊರಬರುತ್ತದೆ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು; ಲೇಖನದ ಕೊನೆಯಲ್ಲಿ ಅದರ ಅಗತ್ಯ ಬೀಳುತ್ತದೆ.

ಮಸ್ಜಿದುನ್ನಬವಿಯ ಗೋಡೆ

ಸಹೀಹುಲ್ ಬುಖಾರಿಯಲ್ಲಿ ಅಬ್ದುಲ್ಲಾಹ್ ಇಬ್ನ್ ಉಮರ್(ರ) ಅವರಿಂದ ಬಂದ ಒಂದು ವರದಿಯು ಪ್ರವಾದಿ(ಸ)ಯವರ ಮಸೀದಿಯ ಕಟ್ಟಡದ ಚರಿತ್ರೆಯನ್ನು ಹೇಳುತ್ತದೆ. ಪ್ರವಾದಿ(ಸ)ಯವರ ಕಾಲದಲ್ಲಿ ಗೋಡೆ ಹಸಿ ಇಟ್ಟಿಗೆಯದಾಗಿತ್ತು, ಮಾಡು ಖರ್ಜೂರದ ಗರಿಗಳದ್ದು, ಕಂಬಗಳು ಖರ್ಜೂರದ ಕಾಂಡಗಳು. ಅಬೂಬಕರ್(ರ) ಅದಕ್ಕೆ ಏನನ್ನೂ ಸೇರಿಸಲಿಲ್ಲ. ಉಮರ್(ರ) ಮಸೀದಿಯನ್ನು ವಿಸ್ತರಿಸಿದರೂ ಅದೇ ಸಾಮಗ್ರಿಗಳನ್ನು ಬಳಸಿದರು. ಉಸ್ಮಾನ್(ರ) ಅದನ್ನು ಬದಲಾಯಿಸಿ, ಕೆತ್ತಿದ ಕಲ್ಲು ಮತ್ತು ‘ಕಸ್ಸಾ’ದಿಂದ ಗೋಡೆ ಕಟ್ಟಿಸಿ, ತೇಗದ ಮರದಿಂದ ಮಾಡು ಮಾಡಿಸಿದರು. ಕಸ್ಸಾ ಎಂದರೆ ಗಚ್ಚು. ಹೀಗೆ ಹಿಜರಿ 29ರ ಹೊತ್ತಿಗೆ ಗಚ್ಚು ಮಸ್ಜಿದುನ್ನಬವಿಯನ್ನು ಪ್ರವೇಶಿಸಿತು.

ಇದೇ ಅಧ್ಯಾಯದಲ್ಲಿ ಉಮರ್(ರ) ಅವರ ಒಂದು ಆದೇಶವೂ ದಾಖಲಾಗಿದೆ. ಮಸೀದಿಯ ಕೆಲಸ ಮಾಡಿಸುವಾತನಿಗೆ ಅವರು, ಜನರಿಗೆ ಮಳೆಯಿಂದ ರಕ್ಷಣೆ ಒದಗಿಸಬೇಕೆಂದೂ, ಕೆಂಪು ಹಳದಿ ಬಣ್ಣಗಳನ್ನು ಬಳಿದು ನಮಾಝಿಗರ ಚಿತ್ತವನ್ನು ಕೆಡಿಸಬಾರದೆಂದೂ ಎಚ್ಚರಿಸಿದ್ದರು. ಒಬ್ಬ ಖಲೀಫರ ಕಾಲದಲ್ಲಿ ಸರಳತೆ, ಇನ್ನೊಬ್ಬರ ಕಾಲದಲ್ಲಿ ದೃಢವಾದ ಕಟ್ಟಡ. ಎರಡರ ಉದ್ದೇಶವೂ ನಮಾಝಿಗರ ಹಿತವೇ ಆಗಿತ್ತು. ಮುಂದಿನ ಶತಮಾನಗಳ ಎಲ್ಲ ಗಚ್ಚಿನ ಕೆಲಸವನ್ನೂ ಈ ಅಳತೆಗೋಲಿನಿಂದಲೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಸಾಮರ್ರಾದಿಂದ ಕೈರೋಗೆ

ಕ್ರಿ.ಶ. 836ರಲ್ಲಿ ಅಬ್ಬಾಸಿ ಖಲೀಫ ಮುಅ್ತಸಿಮ್ ತನ್ನ ರಾಜಧಾನಿಯನ್ನು ಬಗ್ದಾದಿನಿಂದ ಸಾಮರ್ರಾಗೆ ಒಯ್ದನು. ಅಲ್ಲಿನ ಅರಮನೆಗಳು ಬಹುಪಾಲು ಮಣ್ಣಿನ ಇಟ್ಟಿಗೆಯವು; ಅವುಗಳಿಗೆ ಶೋಭೆ ಕೊಟ್ಟುದು ಗಚ್ಚು. ಆರಂಭದಲ್ಲಿ ದ್ರಾಕ್ಷಿಬಳ್ಳಿ, ಎಲೆಗಳನ್ನು ಹಸಿ ಗಚ್ಚಿನಲ್ಲಿ ಕೈಯಿಂದ ಕೆತ್ತುತ್ತಿದ್ದರು. ಕಾಲಕ್ರಮದಲ್ಲಿ ಅಚ್ಚುಗಳನ್ನು ಒತ್ತಿ, ಓರೆಯಾದ ಅಂಚುಗಳ ಅಮೂರ್ತ ವಿನ್ಯಾಸಗಳನ್ನು ಬೇಗಬೇಗನೆ ಮೂಡಿಸುವ ಕ್ರಮ ಬಂದಿತು. 892ರಲ್ಲಿ ರಾಜಧಾನಿ ಬಗ್ದಾದಿಗೆ ಮರಳಿತು, ಸಾಮರ್ರಾ ಹಾಳುಬಿದ್ದಿತು. ಆದರೆ ಆ ವಿದ್ಯೆ ಉಳಿಯಿತು. ಸಾಮರ್ರಾದಲ್ಲಿ ಬೆಳೆದ ಅಹ್ಮದ್ ಇಬ್ನ್ ತೂಲೂನ್ ಈಜಿಪ್ಟಿನ ಅಧಿಕಾರಿಯಾಗಿ, 876ರಿಂದ 879ರ ನಡುವೆ ಕಟ್ಟಿಸಿದ ಮಸೀದಿ ಇಂದಿಗೂ ಕೈರೋದಲ್ಲಿ ನಿಂತಿದೆ. ಅದು ಇಟ್ಟಿಗೆಯ ಕಟ್ಟಡ. ಮೇಲೆ ಗಚ್ಚಿನ ಹೊದಿಕೆ, ಕಮಾನುಗಳ ಒಳಮೈಯಲ್ಲಿ ಸಾಮರ್ರಾದ ಮಾದರಿಯ ವಿನ್ಯಾಸ.

ಇಬ್ನ್ ಖಲ್ದೂನ್ ಮತ್ತು ಮರ‍್ರಾಕೇಶಿನ ಸ್ನಾನಗೃಹ

ಗೋಡೆ ಬಳಿಯುವವನ ಕೆಲಸವನ್ನು ವಿದ್ವಾಂಸರು ಬರೆಯಲು ಯೋಗ್ಯವಾದ ವಿಷಯವೆಂದು ಎಣಿಸಿದ್ದರೇ? ಹೌದು. ಇಬ್ನ್ ಖಲ್ದೂನ್ 1377ರಲ್ಲಿ ರಚಿಸಿದ ‘ಮುಕದ್ದಿಮಾ’ದಲ್ಲಿ ಕಟ್ಟಡದ ಕಸುಬಿಗೇ ಒಂದು ಅಧ್ಯಾಯವಿದೆ. ಸುಣ್ಣವನ್ನು ನೀರಿನಲ್ಲಿ ಕರಗಿಸಿ, ಅದರ ಬೆಂಕಿಯ ಗುಣ ತಗ್ಗಿ ಹದಕ್ಕೆ ಬರುವವರೆಗೆ ಒಂದೆರಡು ವಾರ ಕೊಳೆಯಲು ಬಿಡಬೇಕೆಂದೂ, ಅನಂತರ ಗೋಡೆಗೆ ಬಳಿದು ಅದು ಬೆಸೆದುಕೊಳ್ಳುವ ತನಕ ಉಜ್ಜಬೇಕೆಂದೂ ಅವರು ವಿವರಿಸುತ್ತಾರೆ. ರಾಜ್ಯಗಳ ಏಳುಬೀಳುಗಳ ಬಗ್ಗೆ ಬರೆದ ಅದೇ ಲೇಖನಿ ಸುಣ್ಣದ ಹದವನ್ನೂ ಬರೆಯಿತು.

ಹೀಗೆ ಉಜ್ಜುವ ವಿದ್ಯೆ ಮೊರೊಕ್ಕೊದ ಮರ‍್ರಾಕೇಶಿನಲ್ಲಿ ಅತ್ಯಂತ ನುಣುಪಾದ ರೂಪವನ್ನು ಪಡೆಯಿತು. ಅಲ್ಲಿ ಅದರ ಹೆಸರು ‘ತದಲಾಕ್ತ್’. ಅರಬಿಯ ‘ದಲ್ಕ್’, ಅಂದರೆ ಉಜ್ಜುವುದು, ಎಂಬ ಧಾತುವಿನಿಂದ ಆ ಹೆಸರು ಬಂದಿದೆ. ಫಿಕ್‌ಹ್ ಓದಿದವರಿಗೆ ಈ ಪದ ಪರಿಚಿತ. ವುಝೂ ಮತ್ತು ಗುಸ್ಲ್‌ನಲ್ಲಿ ಅಂಗಗಳನ್ನು ಕೈಯಿಂದ ಉಜ್ಜುವುದಕ್ಕೂ ದಲ್ಕ್ ಎಂದೇ ಹೆಸರು. ಮೊರೊಕ್ಕೊದ ಜನರು ಅನುಸರಿಸುವ ಮಾಲಿಕೀ ಮಝ್‌ಹಬಿನಲ್ಲಿ ಅದು ಕಡ್ಡಾಯ. ಸ್ನಾನಗೃಹದಲ್ಲಿ ಮೈ ಉಜ್ಜುವವನಿಗೂ ಅದರ ಗೋಡೆ ಉಜ್ಜುವವನಿಗೂ ಅಲ್ಲಿ ಒಂದೇ ಮಾತು ಸಾಕು.

ಮರ‍್ರಾಕೇಶಿನ ಸುತ್ತಲಿನ ಸುಣ್ಣದಲ್ಲಿ ಸ್ವಲ್ಪ ಜೇಡಿಯ ಅಂಶವಿದ್ದು, ಅದು ಚೆನ್ನಾಗಿ ಗಟ್ಟಿಯಾಗುತ್ತದೆ. ಕೆಲಸಗಾರನು ಅದನ್ನು ಗೋಡೆಗೆ ಬಳಿದು, ಆರುವ ಮುನ್ನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ನುಣುಪುಗಲ್ಲಿನಿಂದ ಗಂಟೆಗಟ್ಟಲೆ ಒತ್ತಿ ಉಜ್ಜುತ್ತಾನೆ. ಕೊನೆಗೆ ಆಲಿವ್ ಎಣ್ಣೆಯಿಂದ ಮಾಡಿದ ಕಪ್ಪು ಸಾಬೂನನ್ನು ಸವರಿ ಮತ್ತೆ ಉಜ್ಜುತ್ತಾನೆ. ಸಾಬೂನು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಪದರವಾಗುತ್ತದೆ. ಹೀಗಾಗಿ ಹಮ್ಮಾಮುಗಳ ಗೋಡೆಗೂ ನೀರಿನ ತೊಟ್ಟಿಗೂ ಇದೇ ಲೇಪ. ಒಮ್ಮೆ ಆರಂಭಿಸಿದ ಗೋಡೆಯನ್ನು ನಡುವೆ ನಿಲ್ಲಿಸಿದರೆ ಸಂದು ಉಳಿಯುತ್ತದೆ. ಆದ್ದರಿಂದ ಅದನ್ನು ಒಂದೇ ಓಟದಲ್ಲಿ ಮುಗಿಸಬೇಕು. ಇಂದು ಮೈಕ್ರೋಸಿಮೆಂಟಿನವರು ಪಾಲಿಮರಿನಿಂದ ಸಾಧಿಸುವುದನ್ನು ಆ ಜನರು ಕಲ್ಲು, ಸಾಬೂನು ಮತ್ತು ತಾಳ್ಮೆಯಿಂದ ಸಾಧಿಸಿದ್ದರು.

ನಮ್ಮ ನಾಡಿನ ಗಚ್ಚು

ನಾವಾಡುವ ಕನ್ನಡದಲ್ಲೇ ಈ ಚರಿತ್ರೆಯ ಗುರುತುಗಳಿವೆ. ‘ಗಚ್ಚು’ ಪಾರಸಿಯ ‘ಗಚ್’ನಿಂದ ಬಂದುದು. ‘ಗಿಲಾವು’ ಎಂಬುದರ ಮೂಲದಲ್ಲಿ ಮಣ್ಣು ಎಂಬ ಅರ್ಥದ ಪಾರಸಿಯ ‘ಗಿಲ್’ ಇದೆ. ‘ಗಾರೆ’ ನಮ್ಮ ನಾಡಿನಲ್ಲಿ ರೂಢಿಯಾದ ಮಾತು. ಪರದೇಶದ ಕುಶಲಕರ್ಮಿಗಳು ದಖ್ಖನಿಗೆ ಬರುವ ಮೊದಲೇ ಇಲ್ಲಿಯವರಿಗೆ ಸುಣ್ಣದ ಕೆಲಸ ತಿಳಿದಿತ್ತು. ಗಾಣದಲ್ಲಿ ಎತ್ತುಗಳಿಂದ ಗಾರೆ ಅರೆಸುವುದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಬೆರೆಸುವುದು, ಕೊನೆಯ ಪದರಕ್ಕೆ ಮೊಟ್ಟೆಯ ಬಿಳಿಭಾಗ ಸೇರಿಸುವುದು, ಇವೆಲ್ಲ ದಕ್ಷಿಣ ಭಾರತದ ಅನುಭವದಿಂದ ಬಂದವು. ಎರಡು ವಿದ್ಯೆಗಳು ಇಲ್ಲಿ ಕೂಡಿದವು.

ಕಲಬುರಗಿಯ ಕೋಟೆಯೊಳಗಿನ ಜಾಮಿಅ ಮಸೀದಿ ಇದಕ್ಕೆ ಸಾಕ್ಷಿ. 1367ರ ಅದರ ಶಾಸನವು ಕಟ್ಟಿದವನು ಕಝ್ವೀನಿನ ರಫೀ ಎಂದು ಹೇಳುತ್ತದೆ. ಅಂಗಳವಿಲ್ಲದೆ ಪೂರ್ತಿಯಾಗಿ ಮಾಡು ಹೊದಿಸಿದ ಆ ಮಸೀದಿಯ ಒಳಗೆ ನಿಂತರೆ, ಬಿಳಿಯ ಗಚ್ಚಿನ ಕಮಾನುಗಳ ಸಾಲಿನ ಹೊರತು ಕಣ್ಣನ್ನು ಸೆಳೆಯುವ ಬೇರೇನೂ ಇಲ್ಲ. ಉಮರ್(ರ) ಅವರ ಎಚ್ಚರಿಕೆಯನ್ನು ಪಾಲಿಸಿದ ಕಟ್ಟಡದಂತೆ ಅದು ನಮಗೆ ತೋರಿತು.

ಬಿಜಾಪುರದಲ್ಲಿ ಒಂದನೆಯ ಅಲೀ ಆದಿಲ್ ಶಾಹನ (1558-1580) ಕಾಲದಲ್ಲಿ ಆರಂಭವಾದ ಜಾಮಿಅ ಮಸೀದಿಯ ನೆಲವನ್ನು ನೋಡಿದವರು ಮರೆಯಲಾರರು. ನುಣುಪಾದ ಗಚ್ಚಿನ ನೆಲದ ಮೇಲೆ ತೆಳುವಾದ ಕಪ್ಪು ಗೆರೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಮುಸಲ್ಲಾಗಳನ್ನು ಗುರುತಿಸಲಾಗಿದೆ. ಆ ಗೆರೆಯೊಳಗೆ ದೊರೆಗೂ ಹಮಾಲನಿಗೂ ಸಿಗುವ ಜಾಗ ಒಂದೇ ಅಳತೆಯದು. ಮುಹಮ್ಮದ್ ಆದಿಲ್ ಶಾಹನ (1627-1656) ಸಮಾಧಿಯಾದ ಗೋಳಗುಮ್ಮಟದ ಗುಮ್ಮಟವು ಒಳಗೆ ಸುಮಾರು 38 ಮೀಟರ್ ಅಗಲವಿದ್ದು, ಸುಮಾರು 3 ಮೀಟರ್ ದಪ್ಪವಿದೆ. ಇಟ್ಟಿಗೆ ಮತ್ತು ಸುಣ್ಣದ ಗಾರೆ ಸೇರಿ ಒಂದೇ ಬಂಡೆಯಂತಾಗಿ, ನಡುವೆ ಒಂದು ಕಂಬವೂ ಇಲ್ಲದೆ ನಿಂತಿದೆ.

ಗಚ್ಚು ಬಳಿಯಬಾರದ ಜಾಗ

ಇಲ್ಲಿ ಒಂದು ಮಾತನ್ನು ಮರೆಮಾಚುವುದು ನ್ಯಾಯವಲ್ಲ. ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್(ರ) ವರದಿ ಮಾಡಿದ ಹದೀಸಿನಲ್ಲಿ, ಗೋರಿಗೆ ಗಚ್ಚು ಬಳಿಯುವುದನ್ನೂ, ಅದರ ಮೇಲೆ ಕೂರುವುದನ್ನೂ, ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ಪ್ರವಾದಿ(ಸ)ಯವರು ನಿಷೇಧಿಸಿದ್ದಾರೆ. ಹಾಗಿದ್ದೂ ದಖ್ಖನಿನ ಅತ್ಯಂತ ಭವ್ಯವಾದ ಗಚ್ಚಿನ ಕೆಲಸ ಸುಲ್ತಾನರ ಗೋರಿಗಳ ಮೇಲೆಯೇ ಇದೆ. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಝೇಬನು ಮಾತ್ರ ಖುಲ್ದಾಬಾದಿನಲ್ಲಿ ಆಕಾಶಕ್ಕೆ ತೆರೆದ ಸರಳವಾದ ಮಣ್ಣಿನ ಗೋರಿಯಲ್ಲಿ ಮಲಗಿದ್ದಾನೆ. ಕೆಲಸಗಾರನ ಕೌಶಲವನ್ನು ಮೆಚ್ಚುವುದು ಬೇರೆ, ದೊರೆಯ ಇಚ್ಛೆಯನ್ನು ಮಾದರಿಯೆಂದು ಒಪ್ಪುವುದು ಬೇರೆ. ಮಕ್ಕಳಿಗೆ ಗೋಳಗುಮ್ಮಟವನ್ನು ತೋರಿಸುವಾಗ ಈ ಎರಡನ್ನೂ ಹೇಳಿಕೊಡುವುದು ನಮ್ಮ ಹೊಣೆ.

ನಾವು ಮಾಡಿದ ತಪ್ಪು

ಇನ್ನು ಈ ಲೇಖನವನ್ನು ಬರೆಯಲು ಕಾರಣವಾದ ಸಂಗತಿ. ನಾವು ಕಲಿಸುತ್ತಿದ್ದ ಒಂದು ಊರಿನಲ್ಲಿ ಇಟ್ಟಿಗೆ ಮತ್ತು ಸುಣ್ಣದ ಒಂದು ಹಳೆಯ ಮಸೀದಿಯಿತ್ತು. ಗೋಡೆಯ ಗಾರೆ ಅಲ್ಲಲ್ಲಿ ಮಾಸಿದ್ದಿತು, ಬಿರಿದಿರಲಿಲ್ಲ. ಅದನ್ನು ಕೆರೆದು ಸಿಮೆಂಟಿನ ಗಿಲಾವು ಮಾಡಿ, ಆಳೆತ್ತರಕ್ಕೆ ಟೈಲ್ಸ್ ಹಾಕಬೇಕೆಂದು ಜಮಾಅತಿನ ಸಭೆಯಲ್ಲಿ ತೀರ್ಮಾನವಾಯಿತು. ನಮ್ಮ ಅಭಿಪ್ರಾಯವನ್ನು ಕೇಳಿದರು, ನಾವೂ ಒಪ್ಪಿದೆವು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಗಾರೆ ಕೆಲಸದಲ್ಲೇ ಬಾಳು ಸವೆಸಿದ ಹಿರಿಯರೊಬ್ಬರು ಎದ್ದು, “ಉಸ್ತಾದರೇ, ಇದು ಬೆವರುವ ಗೋಡೆ. ಇದರ ಮೈಗೆ ಸಿಮೆಂಟು ಮೆತ್ತಿದರೆ ಆ ಬೆವರು ಎಲ್ಲಿಗೆ ಹೋಗಬೇಕು?” ಎಂದು ಕೇಳಿದರು. ಕೆಲವರು ನಕ್ಕರು. ನಾವು ನಗಲಿಲ್ಲ, ಆದರೆ ಉತ್ತರವನ್ನೂ ಕೊಡಲಿಲ್ಲ.

ಎರಡು ಮಳೆಗಾಲಗಳು ಕಳೆದವು. ಟೈಲ್ಸಿನ ಮೇಲಂಚಿನಲ್ಲಿ ತೇವದ ಗೆರೆಯೊಂದು ಮೂಡಿತು. ಬಣ್ಣ ಪದರಪದರವಾಗಿ ಎದ್ದು, ಅದರಡಿಯಲ್ಲಿ ಉಪ್ಪಿನ ಬಿಳಿಯ ಹುಡಿ ಕಾಣಿಸಿತು. ನೆಲದಿಂದ ಏರುವ ತೇವ ಹಿಂದೆ ಸುಣ್ಣದ ರಂಧ್ರಗಳಿಂದ ಹೊರಬೀಳುತ್ತಿತ್ತು; ಈಗ ಸಿಮೆಂಟು ದಾರಿಯನ್ನು ಮುಚ್ಚಿದ್ದರಿಂದ ಇಟ್ಟಿಗೆಯೊಳಗೇ ನಿಂತು ಅದನ್ನು ತಿನ್ನತೊಡಗಿತ್ತು. ಮೂರನೆಯ ವರ್ಷ ವುಝೂಖಾನೆಯ ಕಡೆಯ ಗಿಲಾವು ಹಲಗೆಯಂತೆ ಕಳಚಿ ಬಿದ್ದಿತು. ಅದರೊಡನೆ ಇಟ್ಟಿಗೆಯ ಮುಖವೂ ಕಿತ್ತುಬಂದಿತು. ಮತ್ತೆ ಸುಣ್ಣದಲ್ಲೇ ಸರಿಪಡಿಸೋಣವೆಂದು ಆ ಹಿರಿಯರ ಮನೆಗೆ ಹೋದರೆ, ಅವರು ತೀರಿಕೊಂಡು ಕೆಲವು ತಿಂಗಳುಗಳಾಗಿದ್ದವು. ಮಗನು ಗಲ್ಫಿನಲ್ಲಿ ಟೈಲ್ಸ್ ಹಾಕುವ ಕೆಲಸದಲ್ಲಿದ್ದನು. ತಂದೆಯ ಕರಣೆಯನ್ನು ಮನೆಯವರು ಗುಜರಿಗೆ ಹಾಕಿದ್ದರು.

ಹನ್ನೆರಡನೆಯ ಶತಮಾನದ ಆರಂಭದಲ್ಲಿ ಸೆವಿಲ್ ನಗರದ ಇಬ್ನ್ ಅಬ್ದೂನ್ ಎಂಬವರು ಮಾರುಕಟ್ಟೆಯ ಮೇಲ್ವಿಚಾರಣೆಯ ಕುರಿತು ಬರೆದ ಗ್ರಂಥದಲ್ಲಿ, ಇಟ್ಟಿಗೆ ಹೆಂಚುಗಳ ಸರಿಯಾದ ಅಳತೆಯ ಮಾದರಿಗಳನ್ನು ಜಾಮಿಅ ಮಸೀದಿಯಲ್ಲಿ ತೂಗುಹಾಕಬೇಕೆಂದು ಹೇಳಿದ್ದಾರೆ. ಕಸುಬಿನ ಅಳತೆಗೆ ಮಸೀದಿಯೇ ಸಾಕ್ಷಿಯಾಗಿದ್ದ ಕಾಲವದು. ನಮ್ಮ ಮಸೀದಿಯಲ್ಲಿ ಕಸುಬು ತಿಳಿದವರ ಮಾತಿಗೆ ಬೆಲೆಯಿರಲಿಲ್ಲ.

ಆದುದರಿಂದ ಓದುಗರಲ್ಲಿ, ವಿಶೇಷವಾಗಿ ಮಸೀದಿಗಳ ಆಡಳಿತ ನೋಡಿಕೊಳ್ಳುವ ಸಹೋದರರಲ್ಲಿ ನಮ್ಮ ವಿನಂತಿ ಇಷ್ಟೇ. ಹಳೆಯ ಗೋಡೆಯನ್ನು ಕೆರೆಯುವ ಮುನ್ನ ಅದು ಸುಣ್ಣದ್ದೇ ಎಂದು ವಿಚಾರಿಸಿರಿ. ಸುಣ್ಣದ್ದಾಗಿದ್ದರೆ ಸುಣ್ಣದಿಂದಲೇ ದುರಸ್ತಿ ಮಾಡಿಸಿರಿ. ನಿಮ್ಮ ಊರಿನಲ್ಲಿ ಗಾರೆ ಬಲ್ಲ ಹಿರಿಯರು ಇನ್ನೂ ಇದ್ದರೆ, ಅವರಿರುವಾಗಲೇ ಒಬ್ಬಿಬ್ಬರು ಯುವಕರನ್ನು ಅವರ ಬಳಿ ಕಲಿಯಲು ಕಳುಹಿಸಿರಿ. ನಮ್ಮ ವಿದ್ಯಾರ್ಥಿಯ ಹೊಸ ಮನೆಯೇ ತೋರಿಸುವಂತೆ, ಕೈಯಿಂದ ಬಳಿದ ಗೋಡೆಯನ್ನು ಬಯಸುವವರೂ ಅದಕ್ಕೆ ಹಣ ಕೊಡುವವರೂ ಇಂದು ಇದ್ದಾರೆ. ಅಂಥ ಮನೆಯವರಿಗೂ ಮಿತವ್ಯಯದ ಪಾಠ ನೆನಪಿರಲಿ. ನಾಲ್ಕು ಜನ ನೋಡಲೆಂದು ಬಳಿಸುವ ಗೋಡೆಗೆ ಸಾಲ ಮಾಡುವ ಅಗತ್ಯವಿಲ್ಲ.

ಆ ಹಿರಿಯರಿಗೆ ಸಭೆಯಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ನಾವು ತಡವಾಗಿ, ಇಲ್ಲಿ ಬರೆದಿದ್ದೇವೆ. ಅವರು ಹೇಳಿದ್ದು ಸರಿಯಾಗಿತ್ತು. ಅಲ್ಲಾಹನು ಅವರ ಗೋರಿಯನ್ನು ವಿಶಾಲಗೊಳಿಸಲಿ, ನಮ್ಮ ಉದಾಸೀನವನ್ನು ಕ್ಷಮಿಸಲಿ, ಬಲ್ಲವರ ಮಾತನ್ನು ಕೇಳುವ ವಿನಯವನ್ನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.