ಬಂಡೆಯ ಮೇಲಿನ ಗೂಳಿಗಳು



ಕಡೂರು, ತರೀಕೆರೆ ಕಡೆಯವರಿಗೆ ಅಮೃತಮಹಲ್ ದನಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಚೂಪಾದ ನೀಳ ಕೊಂಬಿನ, ಎದ್ದ ಹಿಣಿಲಿನ ಹೋರಿಗಳನ್ನು ನೀವು ಕಂಡೇ ಇರುತ್ತೀರಿ. ಆ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ಅಜ್ಜಂಪುರದಲ್ಲಿ ರೈಲು ಹತ್ತಿ, ಚಿಕ್ಕಜಾಜೂರಿನಲ್ಲಿ ಬದಲಿಸಿ, ಚಿತ್ರದುರ್ಗ, ರಾಯದುರ್ಗಗಳ ಮಾರ್ಗವಾಗಿ ಬಳ್ಳಾರಿಗೆ ಬನ್ನಿ. ಊರಾಚೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳಿವೆ. ಸ್ಥಳ ಬಲ್ಲವರೊಬ್ಬರು ಜೊತೆಗಿರಲಿ. ಇಲ್ಲದಿದ್ದರೆ ಚಿತ್ರದ ಪಕ್ಕದಲ್ಲೇ ನಿಂತರೂ ಅದು ಕಾಣದು.

ಆದಿಮಾನವನ ಚಿತ್ರವೆಂದೊಡನೆ ಗುಹೆ ನೆನಪಾಗುತ್ತದೆ. ಇಲ್ಲಿ ಗುಹೆಯಿಲ್ಲ, ಬಣ್ಣವೂ ಇಲ್ಲ. ಬೆಣಚುಗಲ್ಲಿನ ಗುಡ್ಡವನ್ನು ಸೀಳಿಕೊಂಡು ಎದ್ದಿರುವ ಡಾಲರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯ ಮೇಲೆ, ಬಯಲಿನಲ್ಲೇ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಕುಟ್ಟಿದಾಗ ಬಂಡೆಯ ಮೇಲ್ಪದರ ಹೋಗಿ ತಿಳಿಬಣ್ಣ ಕಾಣುತ್ತದೆ. ಶತಮಾನಗಳು ಕಳೆದಂತೆ ಅದು ಮತ್ತೆ ಕಪ್ಪಾಗುತ್ತದೆ. ಆದ್ದರಿಂದ ಬಂಡೆಯ ಬಣ್ಣಕ್ಕೇ ತಿರುಗಿರುವುದು ಹಳೆಯದು, ಬೆಳ್ಳಗೆ ಎದ್ದು ಕಾಣುವುದು ಈಚಿನದು. ಬಿಲ್ಲು ಹಿಡಿದವರಿದ್ದಾರೆ, ಕುಣಿಯುವವರಿದ್ದಾರೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿರುವುದು ಹಿಣಿಲುಳ್ಳ, ನೀಳ ಕೊಂಬಿನ ಗೂಳಿ!

ಇದರಲ್ಲಿ ಆಶ್ಚರ್ಯವಿಲ್ಲ. ಕ್ರಿ.ಪೂ. 3000ದಿಂದ ಸುಮಾರು ಎರಡು ಸಾವಿರ ವರ್ಷ ಈ ಸೀಮೆಯಲ್ಲಿ ಬಾಳಿದ ನವಶಿಲಾಯುಗದ ಜನರಿಗೆ ದನವೇ ಸಂಪತ್ತು. ಹತ್ತಿರದ ಕುಡಿತಿನಿಯ ಬೂದಿ ದಿಬ್ಬವನ್ನು ಜನರು ರಾಕ್ಷಸನನ್ನು ಸುಟ್ಟ ಬೂದಿ ಎನ್ನುತ್ತಿದ್ದರು. ಇಂಥ ದಿಬ್ಬಗಳು ಸುಟ್ಟ ಸಗಣಿಯವು. 1957ರಲ್ಲಿ ಆಲ್ಚಿನ್ ಅವರು ಉಟ್ನೂರಿನ ಇಂಥದೇ ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸಂಗನಕಲ್ಲಿನ ಉತ್ಖನನದಲ್ಲಿ ಹುರುಳಿ, ಹೆಸರು, ಕೊರಲೆಗಳ ಕರಿದ ಕಾಳುಗಳೂ ದೊರೆತಿವೆ. ನಿಮ್ಮ ಮನೆಯ ಹುರುಳಿಸಾರು ಎಷ್ಟು ಹಳೆಯದೆಂದು ಯೋಚಿಸಿ! ಚಿತ್ರ ಬರೆದ ಅದೇ ಕಪ್ಪು ಶಿಲೆಯಿಂದಲೇ ಅವರು ಕೊಡಲಿಗಳನ್ನೂ ಮಾಡಿದರು.

ಹಾಗಾದರೆ ಈ ಗೂಳಿಗಳು ಅಮೃತಮಹಲಿನ ಪೂರ್ವಜರೇ? ಅವಸರ ಬೇಡ. ಮೈಸೂರಿನ ಚಿಕ್ಕದೇವರಾಜ ಒಡೆಯರ (1672–1704) 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಆಯಿತು. ನಡುವೆ ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕ ಅಂತರವಿದೆ. ಕೊಂಬಿನ ಹೋಲಿಕೆಯೊಂದೇ ವಂಶಾವಳಿಯಾಗಲಾರದು.

1892ರಲ್ಲೇ ಫಾಸೆಟ್ ಎಂಬವರು ಈ ಚಿತ್ರಗಳ ಬಗ್ಗೆ ಬರೆದರು. ಆಮೇಲೆ ಬಹುಕಾಲ ಯಾರೂ ಹೆಚ್ಚಾಗಿ ಇತ್ತ ಗಮನ ಕೊಡಲಿಲ್ಲ. ಜಲ್ಲಿಗಾಗಿ ಬಂಡೆ ಒಡೆಯುವುದು ಮಾತ್ರ ನಡೆಯಿತು. ಕೆಲವು ಚಿತ್ರಗಳು ಹಾಗೆಯೇ ಪುಡಿಯಾದವು. 2004ರಲ್ಲಿ ನಿಕೋಲ್ ಬೊಯಿವಿನ್ ಅವರ ಲೇಖನ ಈ ಹಾನಿಯನ್ನು ಲೋಕಕ್ಕೆ ತಿಳಿಸಿತು. ನಮ್ಮ ಜಿಲ್ಲೆಗಳ ರಸ್ತೆಗಳಿಗೂ ಜಲ್ಲಿ ಬೇಕು, ನಿಜ. ಆದರೆ ಒಡೆದ ಚಿತ್ರಕ್ಕೆ ಬದಲಿ ಚಿತ್ರವಿಲ್ಲ. ಸ್ಪಷ್ಟವಾಗಲೆಂದು ಗೆರೆಯ ಮೇಲೆ ಸೀಮೆಸುಣ್ಣ ತೀಡುವುದೂ ಹಾನಿಯೇ. ಬದಲಿಗೆ ಓರೆ ಬಿಸಿಲಿನ ಹೊತ್ತಿನಲ್ಲಿ ಹೋಗಿ.

ಇಳಿಯುವ ಮೊದಲು ಇನ್ನೊಂದನ್ನು ನೋಡಬೇಕು. ಕೆಲವು ಬಂಡೆಗಳಲ್ಲಿ ನುಣುಪಾದ ಸಣ್ಣ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಬರುತ್ತದೆ. ಬಡಿದು ಬಡಿದೇ ಆ ಗುಳಿಗಳು ಬಿದ್ದಿವೆ. ನೀವು ಬಡಿಯಬೇಡಿ, ಬೆರಳಿನಿಂದ ಗುಳಿಯ ಆಳವನ್ನು ಮುಟ್ಟಿ ನೋಡಿ, ಸಾಕು.